ಉಸಿರು ಬಿಡಬೇಡಿ ಆಂಟಿ

ಐವತ್ತು ದಾಟಿದ ಮೇಲೆ ನಾನು ಜಿಮ್ಮಿಗೆ ಸೇರಿದ್ದು ತೆಳ್ಳಗಾಗಲು ಅಲ್ಲ, ನನ್ನ ಅತ್ತೆಯನ್ನು ಎತ್ತಲು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹೆಂಗಸರು ಯೋಗಕ್ಕೆ ಹೋಗುತ್ತಾರೆ, ಭಜನೆಗೆ ಹೋಗುತ್ತಾರೆ, ಒಬ್ಬಾಕೆ ಝುಂಬಾಕ್ಕೂ ಹೋಗುತ್ತಾಳೆ. ಅತ್ತೆಯ ತೂಕದ ಕಬ್ಬಿಣ ಎತ್ತುವುದನ್ನು ಕಲಿಯಲು ಹೋದವಳು ನಾನೊಬ್ಬಳೇ ಇರಬೇಕು.

ಆದದ್ದು ಇಷ್ಟು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು, ಆದರೆ ಕಾಲು ಮಾತ್ರ ‘ನನಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಕೂತುಬಿಟ್ಟಿತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅಲ್ಲಿಂದ ಮತ್ತೆ ಮಂಚಕ್ಕೆ ಯಾರಾದರೂ ಎತ್ತಿ ಕೂರಿಸಬೇಕು. ನನ್ನ ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನ ಪಕ್ಕದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ ಎತ್ತುತ್ತಾರೆ, ಮನೆಗೆ ಬಂದ ಮೇಲೆ ಒಮ್ಮೆ ಎತ್ತುತ್ತಾರೆ. ನಡುವಿನ ಹೊತ್ತಿಗೆಂದು ಕಳವಾ ಕಡೆಯಿಂದ ಮನೆಕೆಲಸದ ಬಾಯಿಯೊಬ್ಬಳನ್ನು ಇಟ್ಟೆವು. ಅತ್ತೆ ಅವಳಿಗೆ ಸೀರೆಯ ನೆರಿಗೆ ಹಿಡಿಯುವುದು ಹೇಗೆಂದು ಪಾಠ ಶುರುಮಾಡಿದರು, ಅದೂ ತುಳುವಿನಲ್ಲಿ. ಅವಳು ಹೋದಳು. ಆಮೇಲೆ ಬಂದವಳಿಗೆ ಚಪಾತಿ ಲಟ್ಟಿಸಲು ಕಲಿಸಿದರು. ಮರಾಠಿ ಹೆಂಗಸಿಗೆ ಉಡುಪಿಯವರು ಚಪಾತಿ ಕಲಿಸುವುದೆಂದರೇನು! ಅವಳೂ ಹೋದಳು.

ಹಾಗೆ ಒಂದು ಮಧ್ಯಾಹ್ನ ನಾನೇ ಎತ್ತಲು ಹೋದೆ. ಅರ್ಧಕ್ಕೆ ನನ್ನ ಕೈ ಸೋತಿತು. ಇಬ್ಬರೂ ಮಂಚಕ್ಕೂ ಕುರ್ಚಿಗೂ ನಡುವೆ ಮೆಲ್ಲಗೆ ಜಾರಿ ನೆಲದ ಮೇಲೆ ಕೂತೆವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನನಗೆ ಅವರನ್ನು ಮತ್ತೆ ಎತ್ತಲಾಗದು, ಅವರು ನನ್ನ ಕಾಲ ಮೇಲೆ ಕೂತಿದ್ದರಿಂದ ನನಗೂ ಏಳಲಾಗದು. ಪಕ್ಕದ ಮನೆಯವರು ಆಫೀಸಿನಿಂದ ಬರುವವರೆಗೆ ಅಲ್ಲೇ ಕೂತು, ಹಲಸಿನ ಹಪ್ಪಳಕ್ಕೆ ಹುಳ ಬಿದ್ದದ್ದು ಯಾರ ಅಜಾಗರೂಕತೆಯಿಂದ ಎಂಬ ಹಳೆಯ ಜಗಳವನ್ನು ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಿದೆವು.

ಸುದ್ದಿ ಖಾರಘರಕ್ಕೆ ಮುಟ್ಟಿತು. ಅಲ್ಲಿ ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ಗುಡ್ಡದ ಬುಡದ ಎತ್ತರದ ಬಿಲ್ಡಿಂಗೊಂದರಲ್ಲಿ ಇದ್ದಾಳೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಕೆಟ್ಟವಳಲ್ಲ, ಆದರೆ ಅವಳಿಗೆ ಎಲ್ಲಕ್ಕೂ ಒಂದು ವ್ಯವಸ್ಥೆ ಆಗಬೇಕು. ಕೂಡಲೇ ಹೊರಟುಬಂದಳು. "ಅತ್ತಿಗೆ, ಪ್ರಾಕ್ಟಿಕಲ್ ಆಗಿ ನೋಡು ನಾ. ನಮ್ಮ ಮನೆ ಹತ್ರ ಒಂದು ಜಾಗ ಉಂಟು, ವಯಸ್ಸಾದವರಿಗೇ ಅಂತ. ನರ್ಸ್ ಇದ್ದಾರೆ, ಲಿಫ್ಟ್ ಉಂಟು, ಸಬ್ ಕುಛ್. ನಿನ್ನ ಕೈಲಿ ಎತ್ಲಿಕ್ಕೆ ಆಗುದಿಲ್ಲ ಅಂತ ಆಯ್ತಲ್ಲ. ಚೌತಿ ಆಗ್ಲಿ, ಆಮೇಲೆ ಕರ್ಕೊಂಡು ಹೋಗ್ತೇನೆ," ಎಂದಳು. ಅತ್ತೆ ಮಗಳ ಮುಖ ನೋಡಿ ಒಂದೇ ಒಂದು ಮಾತು ಕೇಳಿದರು: "ಅವುಲು ಏರೆಗಾಂಡಲ ತುಳು ಬರ್ಪುಂಡಾ?" ಅಲ್ಲಿ ಯಾರಿಗಾದರೂ ತುಳು ಬರುತ್ತದೆಯೇ ಎಂದು. ನಾದಿನಿ ಅಮ್ಮನ ಹೊದಿಕೆ ಸರಿಮಾಡತೊಡಗಿದಳು.

ನಾನು ಮತ್ತು ಅತ್ತೆ ಅಮ್ಮ-ಮಗಳ ಹಾಗೆ ಇದ್ದವರೇನೂ ಅಲ್ಲ. ಮದುವೆಯಾದ ಲಾಗಾಯ್ತು ಜಗಳ. ಸಾಂಬಾರಿಗೆ ಬೆಲ್ಲ ಎಷ್ಟು ಎಂಬಲ್ಲಿಂದ ಹಿಡಿದು ಫ್ಯಾನು ಎಷ್ಟರ ಮೇಲೆ ತಿರುಗಬೇಕು ಎಂಬಲ್ಲಿಯವರೆಗೆ. ಆದರೆ ಇಷ್ಟು ವರ್ಷ ನನ್ನ ಜೊತೆ ಜಗಳವಾಡಿದವರನ್ನು ತುಳು ಬಾರದ ನರ್ಸುಗಳ ಕೈಗೆ ಕೊಡುವುದೆಂದರೆ ನನಗೆ ಹೊಟ್ಟೆ ಉರಿಯಿತು. "ಚೌತಿಯೊಳಗೆ ನಾನು ಎತ್ತಿ ತೋರಿಸ್ತೇನೆ. ತೋರಿಸದಿದ್ರೆ ಕರ್ಕೊಂಡು ಹೋಗು," ಎಂದುಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಹೇಳಿದ್ದಾರೆಯೇ? ಮರುದಿನವೇ ರಸ್ತೆ ಕೂಡುವ ನಾಕಾದಲ್ಲಿನ ಜಿಮ್ಮಿನ ಮೆಟ್ಟಿಲು ಹತ್ತಬೇಕಾಯಿತು.

ಗಂಡನಿಗೆ ಇದನ್ನು ಕೇಳಿ ನಗು ತಡೆಯಲಾಗಲಿಲ್ಲ. "ನಮ್ಮ ಕಳಂಬೋಲಿಯಲ್ಲಿ ಕಬ್ಬಿಣ ಎತ್ತಿದ್ರೆ ಸೇಟುಗಳು ದುಡ್ಡು ಕೊಡ್ತಾರೆ. ನೀನು ದುಡ್ಡು ಕೊಟ್ಟು ಕಬ್ಬಿಣ ಎತ್ಲಿಕ್ಕೆ ಹೋಗುದಾ? ಬಾ, ಲಾರಿ ತುಂಬ್ಸು, ನಿಂಗೂ ವ್ಯಾಯಾಮ, ಮನೆಗೂ ಲಾಭ," ಎಂದರು. ಜಿಮ್ಮಿನವರು ಅತ್ತೆಯ ತೂಕ ಕೇಳಿದ್ದಾರೆ ಎಂದಾಗ ಇನ್ನೂ ಉಮೇದು ಬಂತು. ಅತ್ತೆಗೆ ತೂಕದ ಕಾಟಾದ ಮೇಲೆ ನಿಲ್ಲಲು ಆಗುವುದಿಲ್ಲವಲ್ಲ, ಮಾರ್ಕೆಟಿನಲ್ಲಿ ಲಾರಿ ತೂಗುವ ದೊಡ್ಡ ಕಾಟಾ ಇದೆ, ಒಮ್ಮೆ ಅತ್ತೆಯನ್ನು ಕೂರಿಸಿ ಟೆಂಪೋ ತೂಗುವುದು, ಒಮ್ಮೆ ಇಳಿಸಿ ತೂಗುವುದು, ಕಳೆಯುವುದು! ಒಳಗಿನ ಕೋಣೆಯಿಂದ ಅತ್ತೆ ಕೂಗಿದರು, "ಯಾನ್ ದಾನೆ ಕರ್ಬನಾ?" ನಾನೇನು ಕಬ್ಬಿಣವಾ ಎಂದು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ತೂಗಿದ್ದ ತೂಕವೇ ಇರಲಿ ಎಂದು ಅಲ್ಲಿಗೆ ಬಿಟ್ಟೆವು.

ಜಿಮ್ಮಿನ ಟ್ರೇನರ್ ನಮ್ಮವನೇ. ಅಪ್ಪ-ಅಮ್ಮ ಕುಂದಾಪುರದ ಕಡೆಯವರು, ಇವನು ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಆದರೆ ನನಗೆ ಮರ್ಯಾದೆ ಕೊಡಬೇಕೆಂದು ಅವನ ತಲೆಗೆ ಹೊಕ್ಕಿತು. ಹಿಂದಿಯಲ್ಲಿ ಯೋಚಿಸಿ, ಒಳಗೊಳಗೇ ತರ್ಜುಮೆ ಮಾಡಿ, ಕನ್ನಡ ಆಡುತ್ತಿದ್ದ. "ಆಂಟಿ, ಹೊಟ್ಟೆ ಒಳಗೆ ಹಾಕಿ. ಬೆನ್ನಿಗೆ ಹೇಳಿ ಸೀದಾ ಇರು ಅಂತ. ಮೊಣಕಾಲು ಹೊರಗೆ ನೋಡ್ಬೇಕು." ನಾನು ಬೆನ್ನಿಗೆ ಹೇಳಿದೆ. ಮೊಣಕಾಲನ್ನು ಹೊರಗೆ ನೋಡಿಸಿದೆ. ಅವನ ಕನ್ನಡವನ್ನು ಒಂದು ದಿನವೂ ಗೇಲಿ ಮಾಡಲಿಲ್ಲ. ಈ ಊರಲ್ಲಿ ಒಬ್ಬ ಹುಡುಗ ಕನ್ನಡ ಆಡಲು ಹೊರಟರೆ ಬಾಯಿ ಮುಚ್ಚಿಸಬಾರದು ಎಂಬುದು ನನ್ನ ನಂಬಿಕೆ.

ಮೊದಲ ದಿನ ಖಾಲಿ ಸರಳು, ಆಮೇಲೆ ಎರಡು ಬದಿಗೆ ಚಿಕ್ಕ ಚಿಕ್ಕ ತಟ್ಟೆಗಳು. ನೆಲದಿಂದ ಎತ್ತಿ ನೇರ ನಿಲ್ಲಬೇಕು. ನಾನು ಬಗ್ಗಿ ಹಿಡಿದ ಕೂಡಲೇ ಅವನು ಪಕ್ಕದಲ್ಲಿ ಕೂತು ಕೂಗುತ್ತಿದ್ದ: "ಉಸಿರು ಬಿಡಬೇಡಿ ಆಂಟಿ! ಉಸಿರು ಬಿಡಬೇಡಿ!"

ನಾನು ಬಿಡಲಿಲ್ಲ. ಗುರು ಹೇಳಿದ ಮೇಲೆ ಮುಗಿಯಿತು. ಎದೆ ತುಂಬ ಉಸಿರು ಎಳೆದು, ತುಟಿ ಬಿಗಿದು, ಎತ್ತಿ, ನಿಂತು, ಇಳಿಸುವವರೆಗೆ ಒಂದು ಎಳೆ ಗಾಳಿ ಹೊರಗೆ ಹೋಗಗೊಡಲಿಲ್ಲ. ಮುಖ ಕೆಂಪಾಗುತ್ತಿತ್ತು. ಅದು ಕೆಂಪಾದಷ್ಟೂ ಅವನಿಗೆ ಗಾಬರಿ. ಗಾಬರಿಯಾದಷ್ಟೂ ಇನ್ನೂ ಜೋರಾಗಿ, "ಬಿಡಬೇಡಿ ಆಂಟಿ, ಪ್ಲೀಸ್, ಉಸಿರು ಬಿಡಬೇಡಿ!" ಅವನು ಅಷ್ಟು ಬೇಡಿಕೊಳ್ಳುತ್ತಿದ್ದಾನಲ್ಲ ಎಂದು ನಾನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದೆ. ಕಣ್ಣಿನ ಗುಡ್ಡೆ ಈಗ ಬಿತ್ತು, ಈಗ ಬಿತ್ತು ಎಂಬ ಹಾಗಾಗುತ್ತಿತ್ತು. ಸುತ್ತ ನಿಂತ ಹುಡುಗರು "ಆಂಟಿ ಮೇಂ ದಮ್ ಹೈ" ಎನ್ನುತ್ತಿದ್ದರು. ದಮ್ಮು ಇತ್ತು ನಿಜ, ಪೂರಾ ಒಳಗೇ ಇತ್ತು.

ಹಾಗೆ ಶುರುವಾಯಿತು ತಲೆನೋವು. ಸುಮ್ಮನೆ ನೋವಲ್ಲ. ಸರಳು ಎತ್ತಿದ ಕೂಡಲೇ ಹಿಂದಲೆಯಿಂದ ಹೊರಟು ಎರಡೂ ಕಣತಲೆಗೆ ಹೊಡೆಯುವ ನೋವು, ಕುಕ್ಕರು ಸೀಟಿ ಹಾಕುವ ಮೊದಲು ಗುಡುಗುಡು ಅನ್ನುತ್ತದಲ್ಲ, ಹಾಗೆ. ಮನೆಗೆ ಬಂದರೂ ಬಿಡದು. ಬೆಳಕು ಆಗದು, ಒಗ್ಗರಣೆಯ ಸದ್ದು ಆಗದು. ಯಾರಿಗೆ ಹೇಳುವುದು? ಹೇಳಿದರೆ ಖಾರಘರಕ್ಕೆ ಮುಟ್ಟುತ್ತದೆ. ನಾದಿನಿ, "ನೋಡು, ನಿನ್ನ ಕೈಲಿ ಆಗುದಿಲ್ಲ," ಎನ್ನುತ್ತಾಳೆ, ಅತ್ತೆ ಹೋಗುತ್ತಾರೆ. ಹಾಗಾಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಾಮು ತಿಕ್ಕಿದೆ. ಶುಂಠಿ ಅರೆದು ಹಚ್ಚಿದೆ. ಹಣೆಯ ಚರ್ಮ ಸುಟ್ಟಿತು, ನೋವು ಹಾಗೇ ಉಳಿಯಿತು. ಪಕ್ಕದ ಮನೆಯ ಮರಾಠಿ ಹೆಂಗಸು ನನ್ನ ಮುಖ ನೋಡಿಯೇ ದೃಷ್ಟಿ ಎಂದಳು, ಉಪ್ಪು-ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಇಡೀ ಮಹಡಿಯವರು ಕೆಮ್ಮಿದರು. ದೃಷ್ಟಿ ಬಹಳ ದೊಡ್ಡದಿತ್ತು ಎಂದು ಅವಳಿಗೆ ಸಮಾಧಾನವಾಯಿತು.

ಕೊನೆಗೆ ಗಂಡನಿಗೆ ಮಾತ್ರ ಹೇಳಿದೆ. ಅವರು ನಗಲಿಲ್ಲ, ಹೆದರಿದರು. ಎತ್ತುವಾಗ ಸಿಡಿಯುವ ತಲೆನೋವು ಸಣ್ಣ ಮಾತಲ್ಲ, ಮೊದಲು ಡಾಕ್ಟರು, ಆಮೇಲೆ ಉಳಿದದ್ದು ಎಂದು ಠಾಣೆಯಲ್ಲಿ ತಲೆಯ ಡಾಕ್ಟರೊಬ್ಬರನ್ನು ಗೊತ್ತುಮಾಡಿದರು. ಜೊತೆಗೆ ಹೊರಟ ಅವರು ಗಂಡಸರ ಡಬ್ಬಿ ಹತ್ತಿದರು. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಾನು ಹಣೆ ಒತ್ತಿಕೊಂಡು ನಿಂತದ್ದೇ ತಡ, ಠಾಣೆ ಬರುವುದರೊಳಗೆ ಮುಕ್ಕಾಲು ಚಿಕಿತ್ಸೆ ಅಲ್ಲೇ ಮುಗಿಯಿತು. ಒಬ್ಬಳು ಕಾಫಿ ಬಿಡಿ ಎಂದಳು, ಇನ್ನೊಬ್ಬಳು ಕಾಫಿ ಕುಡಿಯಿರಿ ಎಂದಳು. ಅವರಿಬ್ಬರಿಗೂ ಜಗಳ ಹತ್ತಿತು. ದಿವಾ ಸ್ಟೇಷನ್ನಿನಲ್ಲಿ ಹತ್ತಿದವಳು ತುರುಬಿನ ಗಂಟು ಬಿಗಿಯಾಗಿದೆ ಎಂದು ಕೇಳದೆಯೇ ನನ್ನ ಕೂದಲು ಬಿಚ್ಚಿದಳು. ಮುಂಬ್ರಾದಲ್ಲಿ ನೂಕುನುಗ್ಗಲು ಬಂದು ಕ್ಲಿಪ್ಪು ಅವಳ ಕೈಯಲ್ಲೇ ಉಳಿಯಿತು. ನಾನು ಕೂದಲು ಕೆದರಿಕೊಂಡು ಡಾಕ್ಟರ ಮುಂದೆ ಕೂತೆ. ಅವರು ನನ್ನನ್ನು ನೋಡಿ ಮೊದಲು ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು.

ಕೆಟ್ಟದ್ದೇನೂ ಇಲ್ಲವೆಂದು ಖಾತ್ರಿಯಾಗಲಿ ಎಂದು ಸ್ಕ್ಯಾನ್ ಮಾಡಿಸಿದರು. ರಿಪೋರ್ಟು ನೋಡಿ, "ಡೋಕ್ಯಾತ ಕಾಹೀ ನಾಹೀ," ಎಂದರು. ತಲೆಯಲ್ಲಿ ಏನೂ ಇಲ್ಲ. ಗಂಡ ಏನು ಹೇಳಲು ಹೊರಟಿದ್ದಾರೆಂದು ನನಗೆ ಗೊತ್ತಿತ್ತು. ಕಾಲು ತುಳಿದೆ. ಆಮೇಲೆ ಡಾಕ್ಟರು ಕೇಳಿದರು, "ವಜನ ಉಚಲತಾನಾ ಶ್ವಾಸ ರೋಖೂನ ಧರತಾ ಕಾ?" ಭಾರ ಎತ್ತುವಾಗ ಉಸಿರು ಹಿಡಿದಿಟ್ಟುಕೊಳ್ಳುತ್ತೀರಾ ಎಂದು. ನನಗೆ ಹೆಮ್ಮೆಯಾಯಿತು. ಅಂತೂ ಒಬ್ಬರಾದರೂ ನನ್ನ ಶಿಸ್ತನ್ನು ಗುರುತಿಸಿದರಲ್ಲ!

"ಧರತೇ ನಾ! ಏಕದಮ್ ಘಟ್ಟ!" ಎಂದೆ. ಹಿಡಿಯುತ್ತೇನಲ್ಲ, ಬಹಳ ಗಟ್ಟಿಯಾಗಿ ಎಂದು.

ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗೆ ಉಸಿರು ಕಟ್ಟಿ ಭಾರ ಎತ್ತಿದರೆ ತಲೆಯೊಳಗೆ ಒತ್ತಡ ಏರುತ್ತದೆ, ಎತ್ತುವಾಗ ಉಸಿರು ಹೊರಗೆ ಬಿಡಬೇಕು, ನಿಮ್ಮ ತಲೆನೋವು ಅದರಿಂದಲೇ ಎಂದರು. ಸ್ವಲ್ಪ ದಿನ ಪೂರಾ ಬಿಡುವು, ಆಮೇಲೆ ಹಗುರದಿಂದ ಶುರು, ಮತ್ತೆ ಹಾಗೆ ಸಿಡಿದರೆ ಕೂಡಲೇ ಬರಬೇಕು ಎಂದೂ ಹೇಳಿದರು. "ಕೋಣೀ ಸಾಂಗಿತಲಂ ಶ್ವಾಸ ಧರಾಯಲಾ?" ಯಾರು ಹೇಳಿದ್ದು ಎಂದು ಕೇಳಿದಾಗ ನನ್ನ ರಕ್ತ ಕುದಿಯಿತು. ಯಾರು ಹೇಳಿದ್ದೋ ನನಗೆ ಗೊತ್ತಿರಲಿಲ್ಲವೇ?

ಠಾಣೆಯಿಂದ ಸೀದಾ ಜಿಮ್ಮಿಗೆ ಹೋದೆ. ಸೀರೆಯಲ್ಲೇ, ಕೂದಲು ಕೆದರಿಕೊಂಡೇ.

"ನನ್ನನ್ನು ಕೊಲ್ಲಬೇಕು ಅಂತ ಇದ್ದೀಯೇನೋ? ಉಸಿರು ಹಿಡೀಲಿಕ್ಕೆ ಯಾಕೆ ಹೇಳಿದ್ದು?"

ಅವನು ಕಕ್ಕಾಬಿಕ್ಕಿ. "ನಾನಾ? ನಾನು ಕಬ್ ಹೇಳಿದೆ ಆಂಟಿ?"

"ದಿನಾ ಹೇಳ್ತೀಯಲ್ಲ! ಉಸಿರು ಬಿಡಬೇಡಿ, ಉಸಿರು ಬಿಡಬೇಡಿ ಅಂತ ಕಿವಿ ಹತ್ರ ಬೊಬ್ಬೆ ಹಾಕ್ತೀಯಲ್ಲ!"

"ಹಾಂ, ವಹೀ ತೋ! ಬಿಡಬೇಡಿ! ಸಾಂಸ್ ಲೇನಾ ಮತ್ ಛೋಡೋ! ಚಾಲೂ ಇಡಿ ಅಂತ!"

ನಾನು ಬಾಯಿ ತೆರೆದೆ. ಅವನು ಬಿಡಲಿಲ್ಲ. "ಅಮ್ಮ ನಂಗೆ ಹೇಳ್ತಾಳೆ ನಾ, ಓದುದು ಬಿಡಬೇಡ, ಕೆಲ್ಸ ಬಿಡಬೇಡ. ಓದುದು ಬಿಡಬೇಡ ಅಂದ್ರೆ ಓದ್ತಾ ಇರು. ಉಸಿರು ಬಿಡಬೇಡ ಅಂದ್ರೆ ಉಸಿರಾಡ್ತಾ ಇರು. ಗಲತ್ ಕ್ಯಾ ಹೈ?"

ವ್ಯಾಕರಣ ನೋಡಿದರೆ ಹುಡುಗ ಸರಿ! ಕೆಲಸ ಬಿಟ್ಟವನು ಕೆಲಸ ನಿಲ್ಲಿಸಿದವನಾದರೆ, ಉಸಿರು ಬಿಟ್ಟವನು ಯಾಕೆ ಉಸಿರು ನಿಲ್ಲಿಸಿದವನಲ್ಲ? ಅವನು ನ್ಯಾಯಕ್ಕೆಂದು ಅಮ್ಮನಿಗೆ ಫೋನು ಹಚ್ಚಿ ಸ್ಪೀಕರಿನ ಮೇಲೆ ಹಾಕಿದ. ಆಕೆ ಪೂರಾ ಕೇಳಿ, ಕುಂದಾಪುರದ ಕನ್ನಡದಲ್ಲಿ ಮಗನಿಗೆ ಬೈದರು, "ನಿಂಗೆಂತಕ್ಕೆ ಬೇಕಿತ್ತಾ ಈ ಕನ್ನಡ? ಹಿಂದಿಯಂಗೇ ಹೇಳೂಕಾಗ್ದಾ? ಆ ಹೆಂಗ್ಸಿನ ಜೀವ ಹೋಯ್ತಿತ್ತಲ್ಲ ಮಾರಾಯಾ!" ಅವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಇಳಿದುಹೋಯಿತು. ಅಷ್ಟು ಹೊತ್ತು ನಾನು ಯಾರನ್ನು ಕೊಲೆಗಾರ ಎಂದು ಬೈದೆನೋ ಅವನು ನಿಜವಾಗಿ ಆಡಿದ್ದು ‘ಬದುಕಿರಿ ಆಂಟಿ’ ಎಂದು ತಾನೇ.

ಬಿಡುವು ಮುಗಿದ ಮೇಲೆ ಹೊಸ ಘೋಷಣೆ ಶುರುವಾಯಿತು. ಎತ್ತುವಾಗ ಅವನು "ಬಿಡಿ ಆಂಟಿ! ಬಿಡಿ! ಬಿಡಿ!" ಎಂದು ಕೂಗಬೇಕು, ನಾನು ಹೂss ಎಂದು ಬಿಡಬೇಕು. ಉಸಿರು ಸರಿಯಾಯಿತು, ತಲೆ ಹೂವಿನ ಹಾಗೆ ಹಗುರವಾಯಿತು. ಆದರೆ ಒಂದು ಸಂಜೆ ಜಿಮ್ಮಿನ ಮಾಲೀಕ ಕೆಳಗಿನಿಂದ ಓಡಿಬಂದ. "ಮೇರೇ ಜಿಮ್ ಮೇಂ ಬೀಡಿ ಕೌನ್ ಮಾಂಗ್ ರಹಾ ಹೈ?" ಆಂಟಿ ಉಸಿರು ಬಿಡುತ್ತಿದ್ದಾರೆ, ಬೀಡಿ ಅಲ್ಲ ಎಂದು ಅವನಿಗೆ ತಿಳಿಸಿ ಹೇಳಲು ನನಗೂ ಹುಡುಗನಿಗೂ ಸಾಕುಸಾಕಾಯಿತು. ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ, ನನ್ನ ಚೀಲದ ಕಡೆ ನೋಡುತ್ತಲೇ ಇದ್ದ.

ಚೌತಿಗೆ ಇನ್ನು ಕೆಲವೇ ದಿನವಿರುವಾಗ ಆಸ್ಪತ್ರೆಯವರು ಹೇಳಿದ್ದ ಅತ್ತೆಯ ತೂಕ ಸರಳಿನ ಮೇಲೆ ಏರಿತು. ಎತ್ತಿದೆ. ಕಷ್ಟಪಟ್ಟೇ ಎತ್ತಿದೆ, ತೊಡೆ ನಡುಗಿತು, ಆದರೆ ತಲೆ ಸಿಡಿಯಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಆ ಭಾನುವಾರ ನಾದಿನಿ ಬರುವುದಿತ್ತು. ಬಂದಳು, ಕೈಯಲ್ಲಿ ಖಾಲಿ ಸೂಟ್‌ಕೇಸು. ಅದನ್ನು ಸೋಫಾದ ಪಕ್ಕ ನಿಲ್ಲಿಸಿದಳು. ಅತ್ತೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಗಂಡ ಹೋಟೆಲಿಗೆ ರಜೆ ಹಾಕಿ ಬಾಗಿಲ ಬಳಿ ನಿಂತಿದ್ದರು.

ನಾನು ಸೆರಗು ಸಿಕ್ಕಿಸಿದೆ. ಮಂಚದ ಅಂಚಿಗೆ ಕೂರಿಸಿಕೊಂಡು, ಮೊಣಕಾಲು ಮಡಚಿ, ಅವರ ಕೈ ನನ್ನ ಹೆಗಲಿಗೆ, ನನ್ನ ಕೈ ಅವರ ಬೆನ್ನಿಗೆ. ಹೂss ಎಂದು ಉಸಿರು ಬಿಟ್ಟೆ. ಅತ್ತೆ ಎದ್ದರು. ಎದ್ದರು ಎಂದರೆ, ನಾನು ಎತ್ತಿದ ರಭಸಕ್ಕೆ ಇಬ್ಬರೂ ಹಿಂದಕ್ಕೆ ವಾಲಿ ಗೋಡೆಗೆ ತಾಗುವುದರಲ್ಲಿದ್ದೆವು. ತಿರುಗಿಸಿ ಕುರ್ಚಿಯಲ್ಲಿ ಕೂರಿಸಿದೆ. "ಅಡ್ಡಿಲ್ಲ ಅತ್ತಿಗೆ, ಮಾನ್ ಗಯೇ!" ಎಂದಳು ನಾದಿನಿ. ಗಂಡ ಕಣ್ಣೊರೆಸಿಕೊಂಡರು.

ನನಗೆ ಮಾತ್ರ ಖುಷಿಯಾಗಲಿಲ್ಲ. ಜಿಮ್ಮಿನಲ್ಲಿ ತೊಡೆ ನಡುಗಿಸಿದ ಭಾರ ಇದಲ್ಲ. ನನ್ನ ಅಂಗೈಗೆ ಸಿಕ್ಕಿದ್ದು ಬೆನ್ನಲ್ಲ, ಪಕ್ಕೆಲುಬು. ರವಿಕೆಯನ್ನು ಪಕ್ಕೆಯ ಬಳಿ ಮಡಚಿ ತಾವೇ ಪಿನ್ನು ಹಾಕಿಕೊಂಡಿದ್ದರು. ನಾನೇ ದಿನಾ ಸೀರೆ ಉಡಿಸುವವಳು, ಆ ಪಿನ್ನು ಯಾವಾಗ ಬಂತು ಎಂದು ನನಗೇ ಗೊತ್ತಿರಲಿಲ್ಲ.

"ಅತ್ತೆ, ನೀವು ಊಟ ಮಾಡ್ತಾ ಇದ್ದೀರಾ?"

"ಮಾಡ್ತೇನಲ್ಲ."

"ನನ್ನ ಮುಖ ನೋಡಿ ಹೇಳಿ."

ಅವರು ಮಂಚದ ಪಕ್ಕದ ಕಿಟಕಿಯ ಗ್ರಿಲ್ಲಿನ ಕಡೆ ನೋಡಿದರು. ಅಲ್ಲಿ ಪಾರಿವಾಳಗಳು ಕೂತಿದ್ದವು, ಒಂದೊಂದೂ ಕೋಳಿಯಷ್ಟು ದಪ್ಪ. ನಾನು ಜಿಮ್ಮಿಗೆ ಹೋಗುವಾಗ ತಟ್ಟೆಯಲ್ಲಿ ಬಡಿಸಿಟ್ಟು ಹೋಗುತ್ತಿದ್ದ ದೋಸೆ, ಇಡ್ಲಿ, ಮೊಸರನ್ನ ಎಲ್ಲ ಅವುಗಳ ಹೊಟ್ಟೆಗೆ ಹೋಗಿತ್ತು.

"ಎಂತಕ್ಕೆ? ಹೇಳಿ, ಎಂತಕ್ಕೆ?" ಕೂಗಿಯೇ ಕೇಳಿದೆ.

"ನೀನು ಬಾಗಿಲು ಹಾಕಿ ಬಾಮು ತಿಕ್ಕಿದ್ರೆ ನಂಗೆ ಗೊತ್ತಾಗುದಿಲ್ಲ ಅಂತ ಮಾಡಿದ್ದೀಯಾ?" ಎಂದರು ಅತ್ತೆ. "ಕಾಲು ಹೋದದ್ದು, ಮೂಗಲ್ಲ. ನನ್ನನ್ನು ಎತ್ಲಿಕ್ಕೆ ಹೋಗಿ ನಿನ್ನ ತಲೆ ಒಡೀತಾ ಇತ್ತು. ನಾನು ಕೂತಲ್ಲೇ ಬೇರೆ ಎಂತ ಮಾಡ್ಲಿ? ನೀನು ಎತ್ಲಿಕ್ಕೆ ಕಲೀತಾ ಇದ್ದೀ. ನಾನು ಸ್ವಲ್ಪ ಕಡಿಮೆ ಆದೆ."

ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಹೇಳಬಾರದ್ದೆಲ್ಲ ಹೇಳಿದೆ. ನಿಮಗೆ ಬುದ್ಧಿ ಉಂಟಾ, ಮುದುಕಿಯಾದದ್ದು ದಂಡ, ನಾನೊಬ್ಬಳು ಹುಚ್ಚಿ ಸಾಲದೆ ಇನ್ನೊಬ್ಬಳಾ ಈ ಮನೆಯಲ್ಲಿ ಎಂದೆ. ಅವರು ಒಂದಕ್ಕೂ ತಿರುಗಿ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ದೋಸೆ ಹೊಯ್ದು, ಬೆಣ್ಣೆ ಹಾಕಿ, ತಂದು ಮುಂದಿಟ್ಟು, ಗ್ರಿಲ್ಲಿನ ಕಿಟಕಿ ಮುಚ್ಚಿ, ಎದುರಿಗೆ ಸ್ಟೂಲು ಎಳೆದು ಕೂತೆ. ನಾದಿನಿ ತಾನಾಗಿ ಕಾವಲಿಯ ಮುಂದೆ ಹೋಗಿ ನಿಂತು ಎರಡನೆಯದು ಹೊಯ್ಯುವ ಸದ್ದು ಕೇಳಿಸಿತು.

ಅತ್ತೆ ದೋಸೆಯನ್ನು ನೋಡಿದರು, ಮುಟ್ಟಲಿಲ್ಲ. "ತಿಂದ್ರೆ ಭಾರ ಆಗ್ತೇನೆ," ಎಂದರು.

"ಆಗಿ," ಎಂದೆ. "ಭಾರ ಆಗಿ ಅತ್ತೆ."